ಫ್ರೆಂಚ್ ಬೇಕಾ, ಸಂಸ್ಕೃತ ಬೇಕಾ ಅಂತ ಕೇಳೋದಕ್ಕೆ ಮುಂಚೆ...

ನಾಲ್ಕು ವರ್ಷದ ಹಿಂದಿನ ಮಾತು. ಬೇಸಿಗೆ ರಜೆಗೆ ಊರಿಗೆ ಹೋದವನು ರಾಯಚೂರಿನಲ್ಲಿ ತಮ್ಮನ ಮನೆಯಲ್ಲಿ ಎರಡು ದಿನ ಉಳಿದಿದ್ದೆ. ರಾಯಚೂರಿನ ಬೇಸಿಗೆ ಗೊತ್ತಲ್ಲ, ಹನ್ನೊಂದು ಗಂಟೆಗೆ ಬಾಗಿಲು ಹಾಕಿಕೊಂಡು ಕೂಲರ್ ಮುಂದೆ ಕೂತರೆ ಸಂಜೆ ಐದರ ತನಕ ಹೊರಗೆ ತಲೆ ಹಾಕುವಂತಿಲ್ಲ. ಹಾಗೆ ಕೂತಿದ್ದಾಗ ತಮ್ಮ ಒಂದು ಫಾರ್ಮು ತಂದು ಮುಂದಿಟ್ಟ. ಅವನ ಮಗ ಆಗ ಆರನೇ ಕ್ಲಾಸಿಗೆ ಹೋಗುವವನಿದ್ದ. ಸಿಬಿಎಸ್‌ಇ ಶಾಲೆ. ಇಂಗ್ಲಿಷು, ಕನ್ನಡ ಆದ ಮೇಲೆ ಮೂರನೇ ಭಾಷೆ ಅಂತ ಒಂದು ಸಾಲು. ಹಿಂದಿ, ಸಂಸ್ಕೃತ, ಫ್ರೆಂಚ್. ಒಂದಕ್ಕೆ ಟಿಕ್ ಹಾಕಬೇಕು.

"ಅಣ್ಣಾ, ನೀ ಬೆಂಗ್ಳೂರಾಗ ಇರಾವ. ಯಾವ್ದು ಸ್ಕೋರಿಂಗ್ ಐತಿ ಹೇಳಿಬಿಡು, ಟಿಕ್ ಹೊಡಿತೀನಿ" ಅಂದ.

ಯಾವುದು ಚೆಂದ, ಯಾವುದು ಉಪಯೋಗ, ಹುಡುಗನಿಗೆ ಯಾವುದು ಇಷ್ಟ, ಈ ಪ್ರಶ್ನೆಗಳೇ ಇಲ್ಲ. ಯಾವುದು ಸ್ಕೋರಿಂಗು ಅಂತ ಮಾತ್ರ. ನಾನೇನು ಕಮ್ಮಿ? "ಫ್ರೆಂಚ್ ಹಾಕಸು" ಅಂದುಬಿಟ್ಟೆ. ಯಾಕೆ ಹೇಳಿದೆ ಅಂತ ಈಗ ಯೋಚಿಸಿದರೆ ನಗು ಬರುತ್ತೆ. ಆಫೀಸಿನಲ್ಲಿ ನನ್ನ ಪಕ್ಕದವರ ಮಕ್ಕಳೆಲ್ಲ ಫ್ರೆಂಚೋ ಜರ್ಮನ್ನೋ ಓದುತ್ತಿದ್ದರು, ಅಷ್ಟೇ ಕಾರಣ. ನಮ್ಮ ಹುಡುಗನೂ ಓದಲಿ, ದೇವದುರ್ಗದ ಹಳ್ಳಿಯಿಂದ ಬಂದ ಮನೆತನ ಪ್ಯಾರಿಸ್ಸಿನ ತನಕ ಹೋಗಲಿ ಅಂತ ಒಂದು ಹುಂಬ ಆಸೆ.

ಹುಡುಗ ಮೂರು ವರ್ಷ ಫ್ರೆಂಚ್ ಓದಿದ. ಪ್ರತಿ ಸಲವೂ ತೊಂಬತ್ತರ ಮೇಲೆ ಮಾರ್ಕ್ಸು. ಎಂಟನೇ ಕ್ಲಾಸು ಮುಗಿಯಿತು, ಮೂರನೇ ಭಾಷೆಯೂ ಮುಗಿಯಿತು. ಒಂಬತ್ತಕ್ಕೆ ಬಂದ ಮೇಲೆ ಆ ಪುಸ್ತಕ ರದ್ದಿಗೆ ಹೋಯಿತು. ಮೊನ್ನೆ ಹೋದಾಗ ಸುಮ್ಮನೆ ಕೇಳಿದೆ, "ಏನಪ್ಪಾ, ಫ್ರೆಂಚಿನ್ಯಾಗ 'ಒಂದು ಗ್ಲಾಸ್ ನೀರು ಕೊಡ್ರಿ' ಅನ್ನು ನೋಡೋಣ." ಅವನು ತಲೆ ಕೆರೆದುಕೊಂಡ. "ದೊಡ್ಡಪ್ಪಾ, ಅದು ಸಿಲಬಸ್‌ನ್ಯಾಗ ಇದ್ದಿದ್ದಿಲ್ಲ" ಅಂದ. ಒಂದರಿಂದ ಇಪ್ಪತ್ತರ ತನಕ ಎಣಿಸಿದ, ವಾರದ ದಿನಗಳನ್ನು ಹೇಳಿದ. ಪಾಪ, ಅವನ ತಪ್ಪೇನೂ ಇಲ್ಲ. ಯುರೋಪಿನವರು ಭಾಷೆ ಕಲಿಕೆಗೆ ಆರು ಮೆಟ್ಟಿಲು ಮಾಡಿಟ್ಟಿದ್ದಾರೆ. ಅದರಲ್ಲಿ ಎಲ್ಲಕ್ಕಿಂತ ಕೆಳಗಿನದು ಎ-1. ಮೂರು ವರ್ಷ, ತೊಂಬತ್ತರ ಮೇಲೆ ಮಾರ್ಕ್ಸು, ಆದರೂ ನಮ್ಮ ಹುಡುಗ ಆ ಮೊದಲ ಮೆಟ್ಟಿಲನ್ನೂ ಸರಿಯಾಗಿ ಹತ್ತಿಲ್ಲ.

ಇದನ್ನು ಬರೆಯೋದಕ್ಕೆ ಹುಡುಗನ ಫ್ರೆಂಚು ಕಾರಣವಲ್ಲ. ಅದೇ ನಾಲ್ಕು ವರ್ಷದಲ್ಲಿ ನಮ್ಮ ಮನೆಯ ಇನ್ನೊಂದು ಮಗುವಿಗೆ ಏನಾಯಿತು ಅನ್ನೋದು ಕಾರಣ. ಅದಕ್ಕೆ ಆಮೇಲೆ ಬರ್ತೀನಿ.

*

ಮೊದಲು ಈ ಸ್ಕೋರಿಂಗ್ ರೋಗದ ಬಗ್ಗೆ. ಇದು ಇವತ್ತಿನದಲ್ಲ ನೋಡ್ರಿ. ಗೋಕಾಕ್ ಚಳವಳಿ ಅಂದರೆ ನಮಗೆ ರಾಜ್‌ಕುಮಾರ್ ನೆನಪಾಗ್ತಾರೆ, 1982ರ ಮೆರವಣಿಗೆಗಳು ನೆನಪಾಗ್ತವೆ. ಆ ಬೆಂಕಿ ಹತ್ತಿದ್ದು ಎಲ್ಲಿಂದ? ಹೈಸ್ಕೂಲಿನಲ್ಲಿ ಕನ್ನಡ ಬಿಟ್ಟು ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಳ್ಳಬಹುದಿತ್ತು. ಕಾಳಿದಾಸನ ಮೇಲಿನ ಪ್ರೀತಿಗೆ ಅದನ್ನು ತೆಗೆದುಕೊಂಡವರು ಎಷ್ಟು ಮಂದಿ ಇದ್ದರೋ, ಮಾರ್ಕ್ಸಿನ ಪ್ರೀತಿಗೆ ತೆಗೆದುಕೊಂಡವರು ಅದಕ್ಕಿಂತ ಬಹಳ. ಆ ಜಗಳಕ್ಕೆ ಉತ್ತರ ಹುಡುಕೋದಕ್ಕೇ ವಿ.ಕೃ. ಗೋಕಾಕರ ಸಮಿತಿ ಬಂತು, ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಲಿ ಅಂದಿತು, ಮುಂದಿನದು ನಿಮಗೆಲ್ಲ ಗೊತ್ತಿದೆ. ಆದರೆ ರೋಗ ಹೋಯಿತೇ? ಇವತ್ತಿಗೂ ಪಿಯುಸಿಗೆ ಸೇರುವಾಗ ಸಂಸ್ಕೃತಕ್ಕೆ ನೂಕುನುಗ್ಗಲು. ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದರೂ ನಡೆಯುತ್ತೆ, ನೂರಕ್ಕೆ ನೂರು ಬರುತ್ತೆ. ಸಂಸ್ಕೃತ ಓದಿದ ಅಂತ ಹೆಸರು, ಒಂದು ಸುಭಾಷಿತ ಬಿಡಿಸಿ ಹೇಳೋದಕ್ಕೆ ಬರೋಲ್ಲ. ಬೆಂಗಳೂರಿನಲ್ಲಿ ಅದೇ ಜಾಗಕ್ಕೆ ಫ್ರೆಂಚು ಬಂತು. ಈಗ ರಾಯಚೂರಿಗೂ ಬಂದಿದೆ.

ನಮ್ಮ ಭಾಗಕ್ಕೆ ಇನ್ನೂ ಹಳೆಯ ಕಥೆಯೊಂದಿದೆ. ಮಾನ್ವಿಯ ಜಗನ್ನಾಥದಾಸರು ದಾಸರಾಗೋದಕ್ಕೆ ಮುಂಚೆ ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡಿಕೊಂಡು ಬರುವ ಚೀಕಲಪರ್ವಿಯ ವಿಜಯದಾಸರನ್ನು ಹಗುರವಾಗಿ ಕಂಡರಂತೆ. ಆಮೇಲೆ ಹೊಟ್ಟೆನೋವು ಬಂದು, ಯಾವ ಮದ್ದಿಗೂ ಬಗ್ಗದೆ, ಕೊನೆಗೆ ಗೋಪಾಲದಾಸರಿಂದ ವಾಸಿಯಾಗಿ, ಅದೇ ಕನ್ನಡದಲ್ಲಿ ಹರಿಕಥಾಮೃತಸಾರ ಬರೆದರು ಅಂತ ಹೇಳ್ತಾರೆ. ಚೀಕಲಪರ್ವಿ ಮಾನ್ವಿ ತಾಲ್ಲೂಕು, ಗೋಪಾಲದಾಸರ ಮೊಸರಕಲ್ಲು ನಮ್ಮ ದೇವದುರ್ಗ ತಾಲ್ಲೂಕು. ಕಥೆ ನಿಜವೋ ಅಲ್ಲವೋ, ದೊಡ್ಡವರ ಭಾಷೆ ಬಂದರೆ ದೊಡ್ಡವರಾದೆವು ಅನ್ನುವ ಭ್ರಮೆ ನಮ್ಮಲ್ಲಿ ಮುನ್ನೂರು ವರ್ಷದಿಂದ ಇದೆ ಅನ್ನೋದಂತೂ ನಿಜ. ಆಗ ಸಂಸ್ಕೃತ, ಈಗ ಫ್ರೆಂಚು. ವ್ಯತ್ಯಾಸ ಏನಪ್ಪಾ ಅಂದರೆ ದಾಸರಿಗೆ ಸಂಸ್ಕೃತ ನಿಜವಾಗಿ ಬರುತ್ತಿತ್ತು. :-)

*

ಪೇಪರಿನಲ್ಲಿ, ಟೀವಿಯಲ್ಲಿ ವಿದೇಶಿ ಭಾಷೆಯ ಚರ್ಚೆ ಯಾವಾಗ ಬಂದರೂ ಹೇಗಿರುತ್ತೆ ಗಮನಿಸಿದ್ದೀರಾ? 2014ರ ನವೆಂಬರಿನಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ ಮೂರನೇ ಭಾಷೆಯಾಗಿದ್ದ ಜರ್ಮನ್ ತೆಗೆದು ವರ್ಷದ ನಡುವೆಯೇ ಸಂಸ್ಕೃತ ಹಾಕಿದರು. ಜರ್ಮನ್ ಓದುತ್ತಿದ್ದ ಮಕ್ಕಳು ಸುಮಾರು 70 ಸಾವಿರ. ಗಲಾಟೆ ಸುಪ್ರೀಂ ಕೋರ್ಟಿನ ತನಕ ಹೋಯಿತು, ಜರ್ಮನಿಯ ದೊಡ್ಡವರೂ ಮಾತಾಡಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್ ಅಂತ ಪಟ್ಟಿ ಕೊಟ್ಟರು. 2019ರ ಕರಡಿನಲ್ಲಿದ್ದ ಚೀನಿ ಭಾಷೆ ಅಂತಿಮ ಪಟ್ಟಿಯಲ್ಲಿ ಯಾಕಿಲ್ಲ ಅಂತ ಒಂದು ವಾರ ಚರ್ಚೆ ನಡೆಯಿತು. 2023ರ ಪಠ್ಯಕ್ರಮ ಚೌಕಟ್ಟು ಮೂರು ಭಾಷೆಯಲ್ಲಿ ಎರಡು ಭಾರತದವೇ ಇರಬೇಕು ಅಂದಾಗ ಮತ್ತೆ ಅಯ್ಯೋ ಫ್ರೆಂಚಿನ ಗತಿ ಏನು ಅಂತ ಕೂಗು.

ಆ ಪಟ್ಟಿ ಓದಿದಾಗ ನನ್ನ ಕಣ್ಮುಂದೆ ಬಂದದ್ದು ದೇವದುರ್ಗದ ಬಸ್‌ಸ್ಟ್ಯಾಂಡು. ಗಂಟುಮೂಟೆ, ಹಾಸಿಗೆ, ಕೈಯಲ್ಲೊಂದು ಕೂಸು ಹಿಡಿದುಕೊಂಡು ಬೆಂಗಳೂರಿನ ಬಸ್ಸಿಗೆ ಕಾಯುವ ಜನ. ಗುಳೆ ಹೊರಟವರು. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಇದೆ. ದೇವದುರ್ಗ, ಮಾನ್ವಿ ಎರಡೂ ಅದರಲ್ಲಿವೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದಾಗ ನಮ್ಮ ಜಿಲ್ಲೆಯದು ಶೇ. 60ರ ಆಸುಪಾಸು. ಗುಳೆ ಹೊರಟ ಮನೆಯ ಮಗುವಿಗೆ ಕೊರಿಯನ್ ಬೇಕೋ ಥಾಯ್ ಬೇಕೋ ಅಂತ ಕೇಳೋದು ಹಸಿದವನ ಮುಂದೆ ಬರೀ ಮೆನು ಕಾರ್ಡು ಹಿಡಿದಂಗೆ.

ಅಂದ ಮಾತ್ರಕ್ಕೆ ಆಯ್ಕೆ ಇಲ್ಲ ಅಂತಲ್ಲ. ನಮ್ಮ ಎಸ್ಸೆಸ್ಸೆಲ್ಸಿ ಬೋರ್ಡಿನ ಮೂರನೇ ಭಾಷೆಯ ಪಟ್ಟಿ ತೆಗೆದು ನೋಡಿ. ಹಿಂದಿ, ಕನ್ನಡ, ಇಂಗ್ಲಿಷ್, ಅರೇಬಿಕ್, ಉರ್ದು, ಸಂಸ್ಕೃತ, ಕೊಂಕಣಿ, ತುಳು. ಕಾಗದದ ಮೇಲೆ ಹಬ್ಬದೂಟ! ದೇವದುರ್ಗದ ಸರ್ಕಾರಿ ಹೈಸ್ಕೂಲಿಗೆ ಹೋಗಿ "ನನ್ನ ಮಗಳಿಗೆ ಅರೇಬಿಕ್ ಹಾಕ್ರಿ" ಅನ್ನಿ ನೋಡೋಣ. ಹೆಡ್‌ಮಾಸ್ತರು ನಿಮ್ಮನ್ನು ಮೇಲೆ ಕೆಳಗೆ ನೋಡಿ ಚಹಾ ಕುಡಿಸಿ ಕಳಿಸ್ತಾರೆ. ಅಲ್ಲಿರೋದು ಹಿಂದಿ ಮೇಷ್ಟ್ರ ಹುದ್ದೆ, ಹಾಗಾಗಿ ಮಗು ಓದೋದು ಹಿಂದಿ. ಮಗು ಭಾಷೆ ಆರಿಸೋದಿಲ್ಲ, ತಂದೆ ತಾಯಿಯೂ ಆರಿಸೋದಿಲ್ಲ. ಯಾವ ಹುದ್ದೆ ಮಂಜೂರಾಗಿದೆಯೋ ಅದು ಆರಿಸುತ್ತೆ.

*

ಈಗ ಅಕ್ಕನ ಮಗಳ ವಿಷಯ.

ತಮ್ಮನ ಮಗ ಫ್ರೆಂಚಿಗೆ ಟಿಕ್ ಹಾಕಿದ ವರ್ಷವೇ ಅವಳು ದೇವದುರ್ಗ ತಾಲ್ಲೂಕಿನ ನಮ್ಮ ಹಳ್ಳಿಯ ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಎಂಟನೇ ಕ್ಲಾಸಿಗೆ ಸೇರಿದಳು. ಕನ್ನಡ ಮಾಧ್ಯಮ. ಆಗ ಅಕ್ಕ ನನ್ನ ಕೇಳಿದ್ದಳು, "ತಮ್ಮಾ, ಇಂಗ್ಲೀಷ್ ಮೀಡಿಯಂಗೆ ಹಾಕೋಣೇನು? ಊರಾಗ ಎಲ್ರೂ ಹಾಕಾಕತ್ಯಾರ." ನಾನು ದೊಡ್ಡ ಭಾಷಣ ಮಾಡಿದೆ. ತಾಯ್ನುಡಿಯಲ್ಲೇ ವಿಜ್ಞಾನ ತಲೆಗೆ ಹೋಗೋದು, ಜಪಾನಿನವರು ನೋಡು, ಜರ್ಮನಿಯವರು ನೋಡು ಅಂತೆಲ್ಲ. 2016ರ ಡಿಸೆಂಬರಿನಲ್ಲಿ ರಾಯಚೂರಿನಲ್ಲಿ 82ನೇ ಸಾಹಿತ್ಯ ಸಮ್ಮೇಳನ ನಡೆದಾಗ ಕನ್ನಡ ಮಾಧ್ಯಮದ ಮಾತು ಬಂದಾಗಲೆಲ್ಲ ಕೈ ಕೆಂಪಾಗುವ ಹಾಗೆ ಚಪ್ಪಾಳೆ ತಟ್ಟಿದವನು ನಾನು. ಅಕ್ಕ ನನ್ನ ಮಾತು ನಂಬಿದಳು. ನನ್ನ ಮಗಳು ಬೆಂಗಳೂರಿನಲ್ಲಿ ಯಾವ ಮಾಧ್ಯಮ ಅಂತ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹುಡುಗಿ ಚುರುಕು. ಕನ್ನಡದಲ್ಲೇ ವಿಜ್ಞಾನ ಓದಿ, ಜಡತ್ವ, ವೇಗೋತ್ಕರ್ಷ, ಸಂವೇಗ ಎಲ್ಲ ಅರ್ಥ ಮಾಡಿಕೊಂಡು, ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಳು. ಆ ಮೂರು ವರ್ಷ ಅವಳ ಇಂಗ್ಲಿಷ್ ಕ್ಲಾಸು ಹೇಗಿತ್ತು? ಒಂದು ವರ್ಷ ಲೆಕ್ಕದ ಮೇಷ್ಟ್ರೇ ಇಂಗ್ಲಿಷೂ ತೆಗೆದುಕೊಂಡರು. ಇನ್ನೊಂದು ವರ್ಷ ಅತಿಥಿ ಶಿಕ್ಷಕರು ಬಂದಾಗ ಆಗಸ್ಟ್ ಮುಗಿಯುತ್ತಿತ್ತು. ಪಾಠ ಅಂದರೆ ಮೇಷ್ಟ್ರು ಒಂದು ಸಾಲು ಓದೋದು, ಕನ್ನಡದಲ್ಲಿ ಅದರ ಅರ್ಥ ಹೇಳೋದು, ಪ್ರಶ್ನೋತ್ತರ ಬೋರ್ಡಿನ ಮೇಲೆ ಬರೆಯೋದು, ಮಕ್ಕಳು ಗೈಡಿನಿಂದ ಬಾಯಿಪಾಠ ಮಾಡೋದು. ಮೂರು ವರ್ಷದಲ್ಲಿ ಆ ಮಗು ತನ್ನ ಬಾಯಿಂದ ಸ್ವಂತವಾಗಿ ಒಂದು ಇಂಗ್ಲಿಷ್ ವಾಕ್ಯ ಆಡಿದ್ದಿಲ್ಲ.

ರಾಯಚೂರಿನಲ್ಲಿ ಪಿಯು ಸೈನ್ಸಿಗೆ ಸೇರಿದಳು. ಹಾಸ್ಟೆಲ್. ಪಾಠ ಪೂರ್ತಿ ಇಂಗ್ಲಿಷು. ಒಂದು ತಿಂಗಳಿಗೆ ಫೋನ್ ಮಾಡಿದಳು. "ಮಾಮಾ, ಸರ್ ಹೇಳೋದು ಕೇಳಸ್ತೈತಿ, ತಿಳ್ಯಂಗಿಲ್ಲ." ಇನ್ನೊಂದು ತಿಂಗಳಿಗೆ ಮತ್ತೆ ಫೋನು. "ಮಾಮಾ, ಇನರ್ಷಿಯಾ ಅಂದ್ರ ಜಡತ್ವ ಅಂತ. ನಾ ಅದೇನೋ ಹೊಸಾದು ಅನ್ಕೊಂಡು ಅಂಜಿ ಕೂತಿದ್ನಿ. ನನಗ ಬರ್ತಿತ್ತು ಮಾಮಾ ಅದು!"

ಈ ಕೊನೆಯ ಮಾತು ನನಗೆ ಇವತ್ತಿಗೂ ನಿದ್ದೆ ಕೆಡಿಸುತ್ತೆ. ನನಗ ಬರ್ತಿತ್ತು ಮಾಮಾ ಅದು.

ದೀಪಾವಳಿಗೆ ಊರಿಗೆ ಬಂದವಳು ತಿರುಗಿ ಹೋಗಲಿಲ್ಲ. ಈ ವರ್ಷ ದೇವದುರ್ಗದಲ್ಲೇ ಆರ್ಟ್ಸಿಗೆ ಸೇರುತ್ತಾಳೆ. ಆರ್ಟ್ಸ್ ಕೀಳು ಅಂತ ನಾನು ಹೇಳ್ತಿಲ್ಲ, ನಾನೂ ಓದಿದ್ದು ಅದೇ. ಆದರೆ ಅವಳು ಅದನ್ನು ಆರಿಸಿಕೊಂಡಿದ್ದಲ್ಲ. ಅವಳಿಗೆ ನರ್ಸೋ ಡಾಕ್ಟರೋ ಆಗಬೇಕಿತ್ತು. 2017ರಿಂದ ನೀಟ್ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ತೀವಿ. ಅದಕ್ಕೆ ಮುಂಚಿನ ಎರಡು ವರ್ಷದ ಪಾಠ ಯಾವ ಭಾಷೆಯಲ್ಲಿ ನಡೆಯುತ್ತೆ ಅನ್ನೋದನ್ನು ಮರೆತು.

ಒಂದೇ ಮನೆಯ ಇಬ್ಬರು ಮಕ್ಕಳು. ಒಬ್ಬನಿಗೆ ಬೇಡದ ವಿದೇಶಿ ಭಾಷೆಯನ್ನು ದುಡ್ಡು ಕೊಟ್ಟು ಮೂರು ವರ್ಷ ಓದಿಸಿ ರದ್ದಿಗೆ ಹಾಕಿದೆವು. ಇನ್ನೊಬ್ಬಳಿಗೆ ಬೇಕೇಬೇಕಾಗಿದ್ದ ಒಂದೇ ಒಂದು ವಿದೇಶಿ ಭಾಷೆಯನ್ನು ಹತ್ತು ವರ್ಷದಲ್ಲೂ ಕಲಿಸಲಿಲ್ಲ.

*

ಹೌದು, ನಾನು ಇಂಗ್ಲಿಷನ್ನೇ ವಿದೇಶಿ ಭಾಷೆ ಅಂತಿದೀನಿ. ಬೆಂಗಳೂರಿನಲ್ಲಿ ಕೂತವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಮಗುವಿನ ಕಿವಿಗೆ ಇಂಗ್ಲಿಷು ಲಿಫ್ಟಿನಲ್ಲಿ ಬೀಳುತ್ತೆ, ಅಂಗಡಿಯಲ್ಲಿ ಬೀಳುತ್ತೆ, ಅಪ್ಪ ಅಮ್ಮನ ಜಗಳದಲ್ಲೂ ಬೀಳುತ್ತೆ. ನಮ್ಮ ಹಳ್ಳಿಯ ಮಗುವಿಗೆ ಪುಸ್ತಕದ ಹೊರಗೆ ಇಂಗ್ಲಿಷ್ ಇಲ್ಲ. ಫ್ರೆಂಚು ಎಷ್ಟು ದೂರವೋ ಅಷ್ಟೇ ದೂರ. ಇನ್ನು ತಾಂಡಾದ ಮಗುವಿನ ಪಾಡು ಕೇಳಿ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷು, ಅದರ ಮೇಲೆ ಹಿಂದಿ. ಆ ಮಗುವಿಗೆ ಒಂದನೇ ಕ್ಲಾಸಿನ ಕನ್ನಡವೇ ಹೊಸ ಭಾಷೆ.

ವಿದೇಶಿ ಭಾಷೆ ಅಂತ ಒಪ್ಪಿಕೊಂಡರೆ ಕಲಿಸುವ ರೀತಿ ಬದಲಾಗುತ್ತೆ. ಫ್ರೆಂಚ್ ಕಲಿಸುವ ಒಳ್ಳೆಯ ಮೇಷ್ಟ್ರು ಮೊದಲ ದಿನ ಏನು ಮಾಡ್ತಾರೆ? ನಿನ್ನ ಹೆಸರೇನು, ಎಲ್ಲಿಂದ ಬಂದೆ, ನೀರು ಬೇಕಾ ಅಂತ ಮಾತಾಡಿಸ್ತಾರೆ. ಕಿವಿ ಮೊದಲು, ಬಾಯಿ ಆಮೇಲೆ, ಪುಸ್ತಕ ಕೊನೆಗೆ. ಇಂಗ್ಲಿಷನ್ನು ಮಾತ್ರ ನಾವು ಸಮಾಜ ವಿಜ್ಞಾನ ಕಲಿಸಿದಂಗೆ ಕಲಿಸ್ತೀವಿ, ಪಾಠ ಒಂದು, ಪಾಠ ಎರಡು, ಪ್ರಶ್ನೋತ್ತರ. 2007ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಶುರು ಮಾಡಿದಾಗ ಎಷ್ಟು ಜಗಳ ಆಯಿತು! ಕನ್ನಡ ಸತ್ತೇಹೋಯಿತು ಅಂತ ಕೆಲವರು, ಬಡವರ ಉದ್ಧಾರ ಆಯಿತು ಅಂತ ಕೆಲವರು. ಎರಡೂ ಆಗಲಿಲ್ಲ. ಅದಕ್ಕೆ ಮುಂಚೆ ಐದನೇ ಕ್ಲಾಸಿನಿಂದ ಬರುತ್ತಿರಲಿಲ್ಲ, ಈಗ ಒಂದನೇ ಕ್ಲಾಸಿನಿಂದ ಬರೋದಿಲ್ಲ. ವರ್ಷ ಜಾಸ್ತಿ ಮಾಡಿದರು, ಮೇಷ್ಟ್ರನ್ನು ತಯಾರು ಮಾಡಲಿಲ್ಲ.

"ಹಂಗಾದ್ರ ಸೀದಾ ಇಂಗ್ಲಿಷ್ ಮೀಡಿಯಂ ಮಾಡಿಬಿಡ್ರಿ" ಅಂತ ನಮ್ಮ ತಮ್ಮನಂಥವರು ಹೇಳ್ತಾರೆ. ಸರ್ಕಾರವೂ 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಇದೆ, ಜಪಾನಿನ ತನಕ ಹೋಗಬೇಕಿಲ್ಲ.

ನಾವು 1956ರ ತನಕ ಹೈದರಾಬಾದ್ ರಾಜ್ಯದವರು. ನಿಜಾಮರ ಆಡಳಿತದಲ್ಲಿ ಮೊದಲು ಪಾರ್ಸಿ, 1880ರ ದಶಕದಿಂದ ಉರ್ದು. ಹೈಸ್ಕೂಲಿನ ಪಾಠ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ದೇಶದ ಭಾಷೆಯೊಂದರಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕಲಿಸಿದ್ದಕ್ಕೆ ಅದನ್ನು ಹೊಗಳಲೇಬೇಕು. ಆದರೆ ದೇವದುರ್ಗದ ಕನ್ನಡದ ಹುಡುಗನಿಗೆ ಅದು ತನ್ನ ಭಾಷೆಯಲ್ಲವಲ್ಲ! ನಮ್ಮ ತಾತ ಹೇಳುತ್ತಿದ್ದರು, ಲೆಕ್ಕ ಬರುತ್ತಿದ್ದ ಹುಡುಗರೂ ಲೆಕ್ಕದ ಪ್ರಶ್ನೆ ತಿಳಿಯದೆ ಫೇಲಾಗಿ ಹೊಲಕ್ಕೆ ಹೋದರು ಅಂತ. ಅಕ್ಕನ ಮಗಳ ಜಡತ್ವದ ಕಥೆಯೂ ಇದೇ ಅಲ್ಲವೇ? ಭಾಷೆ ಉರ್ದುವಿನಿಂದ ಇಂಗ್ಲಿಷಿಗೆ ಬದಲಾಯಿತು, ಅಷ್ಟೇ.

ತಾತ ಮಾತ್ರ ಬಚಾವಾದರು. ಯಾಕೆ? ಅವರಿಗೆ ಉರ್ದುವನ್ನು ಬೇರೆ ಭಾಷೆ ಅಂತಲೇ ಒಬ್ಬ ಮೌಲ್ವಿ ಸಾಬರು ಸಂಜೆ ಹೊತ್ತು ಕಟ್ಟೆ ಮೇಲೆ ಕೂರಿಸಿಕೊಂಡು ಕಲಿಸಿದರಂತೆ, ಮಾತಾಡಿಸಿ, ನಗಿಸಿ, ಆಮೇಲೆ ಅಲಿಫ್ ಬೇ ಬರೆಸಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರೂ ಹೊಲದ ಕಾಗದ, ತಹಸೀಲಿನ ನೋಟೀಸು ಓದುತ್ತಿದ್ದರು. ಊರಿನವರೆಲ್ಲ ಕಾಗದ ಹಿಡಿದುಕೊಂಡು ನಮ್ಮ ಕಟ್ಟೆಗೆ ಬರುತ್ತಿದ್ದರು. ಪರಭಾಷೆಯನ್ನು ಭಾಷೆಯಾಗಿ ಕಲಿತವನು ಅದನ್ನು ಆಳಾಗಿ ದುಡಿಸಿಕೊಳ್ತಾನೆ. ಕಲಿಯದೆಯೇ ಅದರಲ್ಲಿ ಪಾಠ ಕೇಳಬೇಕಾದವನು ಅದರ ಆಳಾಗ್ತಾನೆ. ಹಾಗಾಗಿ ಕನ್ನಡ ಮಾಧ್ಯಮದ ಪರವಾಗಿ ಅವತ್ತು ಮಾಡಿದ ಭಾಷಣವನ್ನು ನಾನು ಈಗಲೂ ವಾಪಸ್ ತಗೊಳ್ಳೋಲ್ಲ. ಆ ಭಾಷಣದ ಇನ್ನರ್ಧವನ್ನು ನಾನು ಮಾಡಲೇ ಇಲ್ಲ ಅನ್ನೋದೇ ನನ್ನ ತಪ್ಪು. ಕನ್ನಡ ಮಾಧ್ಯಮ ಬೇಕು ಅನ್ನುವವನು ಅದೇ ಉಸಿರಿನಲ್ಲಿ ಒಳ್ಳೆಯ ಇಂಗ್ಲಿಷ್ ಮೇಷ್ಟ್ರು ಬೇಕು ಅಂತ ಕೂಗಬೇಕು. ಇಲ್ಲದಿದ್ದರೆ ಅವನು ಬಡವರ ಮಕ್ಕಳ ಮೇಲೆ ತನ್ನ ಕನ್ನಡಾಭಿಮಾನ ತೀರಿಸಿಕೊಳ್ತಿದಾನೆ ಅಂತಲೇ ಅರ್ಥ. ನಾನು ಮಾಡಿದ್ದು ಅದನ್ನೇ.

*

ಇನ್ನೊಂದು ತಮಾಷೆ ಇದೆ. ಮೇಲೆ ಕೊಟ್ಟ ಮೂರನೇ ಭಾಷೆಯ ಪಟ್ಟಿ ಮತ್ತೊಮ್ಮೆ ಓದಿ. ಯಾವುದಿಲ್ಲ? ತೆಲುಗು!

ಪ್ರಥಮ ಭಾಷೆಯಾಗಿ ತೆಲುಗು ತೆಗೆದುಕೊಳ್ಳಬಹುದು, ಅದು ತೆಲುಗು ಮನೆಮಾತಿನ ಮಕ್ಕಳಿಗೆ. ಕನ್ನಡದ ಮಗು ಮೂರನೆಯದಾಗಿ ಪಕ್ಕದವರ ಭಾಷೆ ಕಲಿಯುತ್ತೀನಿ ಅಂದರೆ ದಾರಿ ಇಲ್ಲ. ರಾಯಚೂರಿನಲ್ಲಿ ನಿಂತು ಇದನ್ನು ಯೋಚಿಸಿ. ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆ ದಾಟಿದರೆ ತೆಲಂಗಾಣ. ಹೈದರಾಬಾದು ಸುಮಾರು 200 ಕಿಲೋಮೀಟರು, ಬೆಂಗಳೂರು ಅದರ ಎರಡರಷ್ಟು. ದೊಡ್ಡ ಕಾಯಿಲೆ ಬಂದರೆ ಕರ್ನೂಲಿಗೋ ಹೈದರಾಬಾದಿಗೋ ಓಡ್ತೀವಿ. ಹತ್ತಿ ಮಾರ್ಕೆಟ್ಟಿನಲ್ಲಿ ಅರ್ಧ ಮಾತು ತೆಲುಗು. ಮಾನ್ವಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆ ನಿಂತ ರೈತರ ಕ್ಯಾಂಪುಗಳು ಎಷ್ಟಿವೆ! ನಮ್ಮ ಐಐಐಟಿ 2019ರಲ್ಲಿ ಶುರುವಾದಾಗ ಮೊದಲ ಕ್ಲಾಸುಗಳು ನಡೆದದ್ದೂ ಹೈದರಾಬಾದ್ ಐಐಟಿಯ ಆವರಣದಲ್ಲೇ. ರಾಯಚೂರಿನ ಆಟೋ ಡ್ರೈವರಿಗೆ ಕನ್ನಡ, ತೆಲುಗು, ಉರ್ದು ಮೂರೂ ಬರುತ್ತೆ, ಯಾವ ಬೋರ್ಡೂ ಅವನಿಗೆ ಕಲಿಸಲಿಲ್ಲ. ಅವನ ಮಗನನ್ನು ಶಾಲೆಗೆ ಹಾಕಿದರೆ ಇದ್ದ ಎರಡನ್ನೂ ಮರೆತು ಸ್ಕೋರಿಂಗ್ ಹುಡುಕ್ತಾನೆ.

"ಹಂಗಂದ್ರ ನೀವು ವಿದೇಶಿ ಭಾಷೆಗಳ ವಿರೋಧಿನಾ?" ಅಂತ ಯಾರಾದರೂ ಕೇಳಬಹುದು. ಅಲ್ಲವೇ ಅಲ್ಲ. ನಮ್ಮ ಊರಿನ ಕೋಟೆಯನ್ನೇ ನೋಡಿ. 1294ರ ಶಾಸನದ ಉದ್ದನೆಯ ಬಂಡೆಗಲ್ಲು ಅದರ ಗೋಡೆಯಲ್ಲಿದೆ. ಆಮೇಲಿನ ಬಾಗಿಲು, ಮಸೀದಿಗಳ ಮೇಲೆ ಪಾರ್ಸಿ ಬರಹ. 1520ರಲ್ಲಿ ಕೃಷ್ಣದೇವರಾಯ ಇದೇ ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಕಡೆ ಪೋರ್ಚುಗೀಸ್ ಬಂದೂಕುದಾರರಿದ್ದರು. ಆ ಯುದ್ಧದ ಬಹಳ ವಿವರವಾದ ವರ್ಣನೆ ಬರೆದವನು ಫೆರ್ನಾವೊ ನೂನಿಜ್ ಅನ್ನುವ ಪೋರ್ಚುಗೀಸ್ ವ್ಯಾಪಾರಿ. ರಾಬರ್ಟ್ ಸಿವೆಲ್ 1900ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ನಾವೆಲ್ಲ ಓದಿದ್ದು. ಮಸ್ಕಿಯ ಅಶೋಕನ ಶಾಸನದ ಭಾಷೆ ಪ್ರಾಕೃತ. ನಮ್ಮ ಚರಿತ್ರೆಯನ್ನು ನಾವೇ ಓದಬೇಕಾದರೆ ನಮಗೆ ಪಾರ್ಸಿ ಬೇಕು, ಪೋರ್ಚುಗೀಸ್ ಬೇಕು, ಪ್ರಾಕೃತ ಬೇಕು. ಆ ಕಾರಣಕ್ಕೆ ಯಾರಾದರೂ ಕಲಿತರೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡ್ತೀನಿ. ಬಾಸೆಲ್ ಮಿಷನ್ನಿನ ಕಿಟೆಲ್ ಜರ್ಮನಿಯಿಂದ ಬಂದು ಕನ್ನಡ ಕಲಿತದ್ದು ಹಾಗೆ, 1894ರಲ್ಲಿ ನಿಘಂಟು ಕೊಟ್ಟದ್ದು ಹಾಗೆ. ಯಾವುದಪ್ಪಾ ಸ್ಕೋರಿಂಗು ಅಂತ ಅವನು ಕೇಳಲಿಲ್ಲ.

ಕೆಲಸಕ್ಕಾಗಿ ಕಲಿಯುವವರಿಗೂ ನನ್ನ ವಿರೋಧವಿಲ್ಲ. ಜರ್ಮನಿಗೆ ಹೋಗುವ ನರ್ಸುಗಳು ಬಿ-2 ಮಟ್ಟದ ತನಕ ಜರ್ಮನ್ ಕಲೀತಾರೆ. ಜಪಾನಿಗೆ ಹೋಗುವ ಹುಡುಗರು ಎನ್-4 ಪರೀಕ್ಷೆ ಪಾಸ್ ಮಾಡ್ತಾರೆ. ಅವರೆಲ್ಲ ವಯಸ್ಸಿಗೆ ಬಂದ ಮೇಲೆ, ಕೆಲಸ ಕಣ್ಣಮುಂದೆ ಇಟ್ಟುಕೊಂಡು, ಹಗಲೂ ರಾತ್ರಿ ಕೂತು ಕಲಿಯೋದು. ಆರನೇ ಕ್ಲಾಸಿನ ಮಗು ಅದಕ್ಕೆ ಈಗಲೇ ಟಿಕ್ ಹಾಕಬೇಕಿಲ್ಲ. ಆ ಮಗುವಿಗೆ ಒಂದು ಪರಭಾಷೆಯನ್ನು ನೆಟ್ಟಗೆ ಕಲಿತ ಅನುಭವ ಕೊಟ್ಟರೆ ಸಾಕು, ಮುಂದೆ ಬೇಕಾದ್ದನ್ನು ತಾನೇ ಕಲಿಯುತ್ತೆ. ಆ ಒಂದು ಭಾಷೆ ನಮ್ಮ ಕಡೆಗೆ ಇಂಗ್ಲಿಷ್ ಆಗಿರಲಿ.

*

ಬರೀ ಬೈದು ಹೋದ ಅನ್ನಬಾರದಲ್ಲ, ಅದಕ್ಕೆ ನನಗೆ ತೋಚಿದ್ದು ಇಷ್ಟು.

ಒಂದು, ದೇವದುರ್ಗ, ಮಾನ್ವಿಯಂಥ ತಾಲ್ಲೂಕುಗಳ ಪ್ರತಿ ಹೈಸ್ಕೂಲಿಗೂ ಇಂಗ್ಲಿಷಿಗೇ ಅಂತ ಒಬ್ಬ ಕಾಯಂ ಮೇಷ್ಟ್ರು, ಜೂನ್ ಒಂದಕ್ಕೇ ಇರಬೇಕು. ಅವರಿಗೆ ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ ತರಬೇತಿ ಕೊಡಬೇಕು. ಹೈದರಾಬಾದಿನ ಇಫ್ಲು ವಿಶ್ವವಿದ್ಯಾಲಯ 1958ರಿಂದ ಇದೇ ಕೆಲಸ ಮಾಡ್ತಿದೆ, ರಾಯಚೂರಿನಿಂದ ರಾತ್ರಿ ಬಸ್ಸಿನ ದಾರಿ. ಕಲ್ಯಾಣ ಕರ್ನಾಟಕದ ಮಂಡಳಿಗೆ ವರ್ಷಕ್ಕೆ ಸಾವಿರಾರು ಕೋಟಿ ಬರುತ್ತೆ. ಕಾಂಪೌಂಡು, ಕಮಾನು ಕಟ್ಟಿದ್ದು ಸಾಕು, ಇದಕ್ಕೆ ಖರ್ಚು ಮಾಡಲಿ.

ಎರಡು, ಎಂಟರಿಂದ ಹತ್ತನೇ ಕ್ಲಾಸಿನ ಕನ್ನಡ ಮಾಧ್ಯಮದ ವಿಜ್ಞಾನ, ಗಣಿತದ ಪಾಠದಲ್ಲಿ ಪ್ರತಿ ಪಾರಿಭಾಷಿಕ ಪದವನ್ನೂ ಎರಡೂ ಭಾಷೆಯಲ್ಲಿ ಮೇಷ್ಟ್ರು ಬಾಯಿಬಿಟ್ಟು ಹೇಳಬೇಕು, ಪರೀಕ್ಷೆಯಲ್ಲಿ ಎರಡನ್ನೂ ಒಪ್ಪಬೇಕು. ಜಡತ್ವ ಅಂದರೆ ಇನರ್ಷಿಯಾ ಅಂತ ಹೇಳೋದಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು. ಇದೊಂದಿದ್ದಿದ್ದರೆ ನಮ್ಮ ಹುಡುಗಿ ಅಷ್ಟು ಅಂಜುತ್ತಿರಲಿಲ್ಲ.

ಮೂರು, ಸುಖದೇವ್ ಥೋರಟ್ ಅವರ ಆಯೋಗ 2025ರ ಆಗಸ್ಟಿನಲ್ಲಿ ಕೊಟ್ಟ ವರದಿಯಲ್ಲಿ ಎರಡೇ ಭಾಷೆ ಸಾಕು ಅಂದಿದೆ. ಅದರಂತೆ ಮೂರನೆಯದು ಹೋದರೆ ಆ ಪೀರಿಯಡ್ಡು ಮಾತಾಡುವ ಇಂಗ್ಲಿಷಿಗೆ ಸಿಗಲಿ. ಮೂರನೆಯದು ಉಳಿದರೆ ಗಡಿ ಜಿಲ್ಲೆಗಳಲ್ಲಿ ಪಕ್ಕದವರ ಭಾಷೆಗೆ ಜಾಗ ಸಿಗಲಿ. ನಮಗೆ ತೆಲುಗು, ಬೆಳಗಾವಿ ಬೀದರಿನವರಿಗೆ ಮರಾಠಿ. ಮಾರ್ಕ್ಸು ಬೇಡ, ಮಾತು ಬಂದರೆ ಸಾಕು.

ನಾಲ್ಕು, ರಾಯಚೂರಿನ ಶಾಲೆಗಳು ಫ್ರೆಂಚ್ ಕಲಿಸಲೇಬೇಕು ಅಂದರೆ ಕಲಿಸಲಿ, ಸಂಜೆ ಹೊತ್ತು, ಆಸೆ ಇದ್ದವರಿಗೆ, ಮಾರ್ಕ್ಸಿಲ್ಲದೆ. ಎಷ್ಟು ಮಂದಿ ಉಳಿತಾರೆ ನೋಡೋಣ!

ಇದೆಲ್ಲ ಆಗೋ ತನಕ ಏನು? ನಾನು ಸಣ್ಣದೊಂದು ಶುರು ಮಾಡಿದೀನಿ. ಪ್ರತಿ ಭಾನುವಾರ ಸಂಜೆ ಅಕ್ಕನ ಮಗಳ ಜೊತೆ ಫೋನಿನಲ್ಲಿ ಅರ್ಧ ಗಂಟೆ ಇಂಗ್ಲಿಷು, ಪುಸ್ತಕ ಇಲ್ಲ, ಬರೀ ಮಾತು. ಮೊದಲ ವಾರ ಬರೀ "ಯೆಸ್", "ನೋ". ಹೋದ ವಾರ ತಾನಾಗೇ ಮೂರು ವಾಕ್ಯ ಸೇರಿಸಿ ಎಮ್ಮೆ ಕರು ಹಾಕಿದ ಕಥೆ ಹೇಳಿದಳು. ತಪ್ಪುಗಳಿದ್ದವು, ನಾನು ತಿದ್ದಲಿಲ್ಲ. ಕೊನೆಗೆ ಕೇಳಿದಳು, "ಮಾಮಾ, ಇದನ್ನ ಸಾಲ್ಯಾಗ ಯಾಕ ಮಾಡಂಗಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮಲ್ಲಿ ಮೇಷ್ಟ್ರುಗಳಿದ್ದೀರಿ, ಹಳ್ಳಿ ಶಾಲೆಯಲ್ಲಿ ಓದಿ ಬಂದವರಿದ್ದೀರಿ, ಮಕ್ಕಳ ಫಾರ್ಮಿಗೆ ಟಿಕ್ ಹಾಕಿದವರೂ ಇದ್ದೀರಿ. ನೀವೇನಂತೀರಿ?